ಕದ್ದ ಕುರಿಯ ಊರೂಟ: ‘ತಿಥಿ’ ಚಿತ್ರವೂ ನೋಡುಗನ ಹಸಿವೂ

ನೋಡುವವರ ಬಾಯಲ್ಲಿ ನೀರೂರಿಸುವ ಊಟದ ದೃಶ್ಯಗಳುಳ್ಳ ಚಲನಚಿತ್ರಗಳ ಕುರಿತು ದೈವಶಾಸ್ತ್ರದ ಪತ್ರಿಕೆಯೊಂದರಲ್ಲಿ ಲೇಖನ ಆರಂಭವಾದರೆ ಓದುಗರು ನಿರೀಕ್ಷಿಸುವ ಹೆಸರು ಒಂದೇ: ಗೇಬ್ರಿಯಲ್ ಆಕ್ಸೆಲ್ ನಿರ್ದೇಶಿಸಿದ ಡೆನ್ಮಾರ್ಕಿನ ಚಿತ್ರ ‘ಬಾಬೆಟ್ಸ್ ಫೀಸ್ಟ್’ (1987). ಪರಮಪ್ರಸಾದದ ಕುರಿತ ತರಗತಿಗಳಲ್ಲಿಯೂ ಧ್ಯಾನಕೂಟಗಳಲ್ಲಿಯೂ ಈ ಚಿತ್ರ ಬಹುಮಟ್ಟಿಗೆ ಪಠ್ಯದ ಸ್ಥಾನವನ್ನೇ ಪಡೆದುಕೊಂಡಿದೆ. ಜಗದ್ಗುರು ಫ್ರಾನ್ಸಿಸ್‌ರವರು 2016ರ ‘ಅಮೋರಿಸ್ ಲೆತೀತ್ಸಿಯ’ ಪ್ರೇರಣಾಪತ್ರದ 129ನೆಯ ಪರಿಚ್ಛೇದದಲ್ಲಿ, ಪರರನ್ನು ಸಂತೋಷಪಡಿಸುವುದರಲ್ಲಿರುವ ಆನಂದವನ್ನು ಕುರಿತು ಹೇಳುವಾಗ ಇದನ್ನೇ ನೆನೆದಿದ್ದಾರೆ. ಆ ಗೌರವ ಚಿತ್ರಕ್ಕೆ ಸಲ್ಲತಕ್ಕದ್ದೇ. ಆದರೂ ಊಟಕ್ಕೂ ದೇವರಾಜ್ಯಕ್ಕೂ ಇರುವ ಸಂಬಂಧವನ್ನು ತೆರೆಯ ಮೇಲೆ ಕಾಣಬೇಕಾದಾಗಲೆಲ್ಲ ನಾವು ಜಟ್ಲೆಂಡಿನ ಕಡಲತೀರಕ್ಕೇ ಹೋಗಬೇಕೆ? ಮಂಡ್ಯ ಜಿಲ್ಲೆಯ ಹಳ್ಳಿಯೊಂದರಲ್ಲಿ, ಮಂಡ್ಯದ ಮಾತಿನಲ್ಲಿ, ಅಭಿನಯದ ಗಂಧವೇ ಇಲ್ಲದಿದ್ದ ಹಳ್ಳಿಗರನ್ನು ಇಟ್ಟುಕೊಂಡು ರಾಮ್ ರೆಡ್ಡಿಯವರು ನಿರ್ಮಿಸಿದ ‘ತಿಥಿ’ ನಮ್ಮ ಬಳಿಯೇ ಇದೆ. ಬಾಬೆಟ್‌ಳ ಔತಣಕ್ಕಿಂತ ಹೆಚ್ಚು ಇಕ್ಕಟ್ಟಿನ ಪ್ರಶ್ನೆಯನ್ನು ಅದು ಯಾಜಕರಾದ ನಮ್ಮ ಮುಂದಿಡುತ್ತದೆ ಎಂಬುದು ಇಲ್ಲಿ ನಮ್ಮ ವಾದ.

ಬಾಬೆಟ್‌ಳ ಕಥೆ ಓದುಗರಿಗೆ ಪರಿಚಿತ. ಪ್ಯಾರಿಸ್ಸಿನ ಪ್ರಸಿದ್ಧ ಅಡುಗೆಯಾಕೆಯೊಬ್ಬಳು ಆಶ್ರಯ ಬೇಡಿ ಬಂದು, ಕಠಿಣ ನೇಮದ ಇಬ್ಬರು ಸಹೋದರಿಯರ ಮನೆಯಲ್ಲಿ ವರ್ಷಗಟ್ಟಲೆ ಒಣಮೀನು ಬೇಯಿಸಿಕೊಂಡಿದ್ದು, ಲಾಟರಿಯಲ್ಲಿ ಬಂದ 10,000 ಫ್ರಾಂಕುಗಳನ್ನು ಹನ್ನೆರಡು ಜನರ ಒಂದೇ ಒಂದು ಊಟಕ್ಕೆ ಸುರಿದುಬಿಡುತ್ತಾಳೆ. ಆಮೆಯ ಸಾರು, ಹಿಟ್ಟಿನ ಗೂಡಿನೊಳಗಿಟ್ಟ ಲಾವಕ್ಕಿ, ಹಳೆಯ ದ್ರಾಕ್ಷಾರಸ. ರುಚಿಯ ಬಗ್ಗೆ ತುಟಿ ಬಿಚ್ಚಬಾರದೆಂದು ಶಪಥ ಮಾಡಿ ಕುಳಿತ ಭಕ್ತರ ಹಳೆಯ ಮನಸ್ತಾಪಗಳು ಆ ಊಟದ ಬಿಸಿಗೆ ಕರಗುತ್ತವೆ. ದೈವಶಾಸ್ತ್ರಿಗಳಿಗೆ ಇದು ಏಕೆ ಪ್ರಿಯವೆಂಬುದು ಸ್ಪಷ್ಟ. ಉಣಿಸಿದವಳೇ ಬೆಲೆಯನ್ನೂ ತೆತ್ತಿದ್ದಾಳೆ. ಉಂಡವರ ಮೇಲೆ ಯಾವ ಋಣವೂ ಇಲ್ಲ. ವರಪ್ರಸಾದದ ಬೋಧನೆಗೆ ಇದಕ್ಕಿಂತ ಅಚ್ಚುಕಟ್ಟಾದ ನಿದರ್ಶನ ಸಿಕ್ಕುವುದು ಕಷ್ಟ. ನಮ್ಮ ಅನುಮಾನ ಹುಟ್ಟುವುದೂ ಅಲ್ಲಿಯೇ. ನಮ್ಮ ಜನರು ಉಣ್ಣುವ ದೊಡ್ಡ ಊಟಗಳಲ್ಲಿ ಎಷ್ಟು ಹೀಗೆ ಯಾರ ಮೇಲೂ ಭಾರ ಹೊರಿಸದೆ ಬರುತ್ತವೆ?

ಇನ್ನೊಂದು ತೊಡಕು ಹಸಿವಿನದೇ. ಚಲನಚಿತ್ರಕ್ಕೆ ವಾಸನೆಯಿಲ್ಲ, ರುಚಿಯಿಲ್ಲ. ಅದು ಕಣ್ಣಿಗೂ ಕಿವಿಗೂ ಮಾತ್ರ ಬಡಿಸಬಲ್ಲದು. ಉಳಿದುದನ್ನು ನೋಡುಗನ ನೆನಪಿನಿಂದ ಕಡ ತರಬೇಕು. ಆಮೆಯ ಸಾರನ್ನು ಕಂಡ ಮಳವಳ್ಳಿ ಸೀಮೆಯ ಯುವಕ ಬೆರಗಾಗಬಹುದು, ಆದರೆ ಅವನ ಹೊಟ್ಟೆ ಕರೆಯುವುದಿಲ್ಲ. ಅದೇ ಯುವಕನಿಗೆ ರಾಗಿಮುದ್ದೆಯ ಮೇಲಿನ ಆವಿಯನ್ನೋ, ಹಂಡೆಯಲ್ಲಿ ಕುದಿಯುವ ಬಾಡಿನ ಸಾರನ್ನೋ ತೋರಿಸಿ ನೋಡಿ. ಕಿರುಗಾವಲಿನ ಸುತ್ತಣ ಹಳ್ಳಿಗಳಲ್ಲಿ ಹಸಿವು ಎಂಬುದು ಸಾಮಾನ್ಯನಾಮವಲ್ಲ, ಅದಕ್ಕೆ ಅಂಕಿತನಾಮಗಳಿವೆ. ಗಿಡ್ಡ ಕಾಲಿನ, ಮೈತುಂಬಿದ ಬಂಡೂರು ಕುರಿಗೆ ಹೆಸರು ಕೊಟ್ಟ ಬಂಡೂರು ಇದೇ ಮಳವಳ್ಳಿ ತಾಲ್ಲೂಕಿನ ಹಳ್ಳಿ. ಆ ಮಾಂಸದ ಮೃದುತ್ವವನ್ನೂ ಕೊಬ್ಬಿನ ಹದವನ್ನೂ ಕುರಿತು ಇಲ್ಲಿಯ ಹಿರಿಯರು ನಮ್ಮ ಪ್ರಾಧ್ಯಾಪಕರು ಗ್ರೀಕ್ ಕ್ರಿಯಾಪದಗಳನ್ನು ಕುರಿತು ಮಾತನಾಡುವಷ್ಟೇ ಸೂಕ್ಷ್ಮವಾಗಿ ಮಾತನಾಡಬಲ್ಲರು. ಕಿರುಗಾವಲಿನಲ್ಲಿಯೇ ರೈತರಾದ ಸೈಯದ್ ಗನಿ ಖಾನ್‌ರವರು ತಮ್ಮ ‘ಬಡಾ ಬಾಗ್’ ತೋಟದಲ್ಲಿ ನೂರಕ್ಕೂ ಹೆಚ್ಚು ಮಾವಿನ ತಳಿಗಳನ್ನೂ, ಹೊಲದಲ್ಲಿ ನೂರಾರು ಭತ್ತದ ತಳಿಗಳನ್ನೂ ಕಾಪಾಡಿಕೊಂಡು ಬಂದಿದ್ದಾರೆ. ರಾಜಮುಡಿ, ರತ್ನಚೂಡಿ, ಗಂಧಸಾಲೆ ಎಂಬ ಹೆಸರುಗಳು ಕಿವಿಗೆ ಬಿದ್ದೊಡನೆ ಅನ್ನದ ಪರಿಮಳ ಬರುವಂಥ ಜನ ಇನ್ನೂ ಇದ್ದಾರೆ. ಅಂಥವರ ಮುಂದೆ ತೆರೆಯ ಮೇಲಿನ ಊಟವೆಂದರೆ ಸ್ಮರಣೆಯನ್ನು ಕೆಣಕುವ ಕ್ರಿಯೆ. ಪ್ರಭುವಿನ ಸ್ಮರಣೆಗಾಗಿ ಊಟದ ಮೇಜಿನ ಮುಂದೆ ಕೂಡುವ ಧರ್ಮಸಭೆ ಈ ಸಂಗತಿಯನ್ನು ಹಗುರವಾಗಿ ಕಾಣುವಂತಿಲ್ಲ.

ಕನ್ನಡದಲ್ಲಿ ಬಾಯಲ್ಲಿ ನೀರೂರಿಸಲೆಂದೇ ತಯಾರಾದ ಚಿತ್ರವೆಂದರೆ ಪ್ರಕಾಶ್ ರೈ ನಿರ್ದೇಶಿಸಿ ನಟಿಸಿದ ‘ಒಗ್ಗರಣೆ’ (2014), ಮಲಯಾಳದ ‘ಸಾಲ್ಟ್ ಎನ್ ಪೆಪ್ಪರ್’ (2011) ಚಿತ್ರದ ಅವತರಣಿಕೆ. ದೋಸೆಗಾಗಿ ಮಾಡಿದ ದೂರವಾಣಿ ಕರೆಯೊಂದು ತಪ್ಪಿ ಬೇರೆಯವರಿಗೆ ಹೋಗಿ, ವಯಸ್ಸು ಮೀರುತ್ತಿರುವ ಇಬ್ಬರು ರುಚಿಪ್ರಿಯರು ಹತ್ತಿರವಾಗುವ ಕಥೆ. ಇಳಯರಾಜರ ಸಂಗೀತವಿದೆ, ತಿನಿಸುಗಳ ಮೆರವಣಿಗೆಯಂಥ ಹಾಡಿದೆ. ನೋಡಿ ಹೊರಬಂದವರು ಹೋಟೆಲು ಹುಡುಕುವುದು ಖಚಿತ, ಮತ್ತು ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಇಲ್ಲಿಯ ಆಹಾರಕ್ಕೆ ಹೊಲವಿಲ್ಲ, ಸಂತೆಯಿಲ್ಲ, ಲೆಕ್ಕದ ಪುಸ್ತಕವಿಲ್ಲ. ಅದು ಇಬ್ಬರ ಒಂಟಿತನಕ್ಕೆ ಔಷಧಿ, ಅಷ್ಟೆ. ಆದ್ದರಿಂದ ಅದನ್ನು ಇಲ್ಲಿಗೇ ಬಿಡುತ್ತೇವೆ.

‘ತಿಥಿ’ಯ ಕಥೆಯನ್ನು ಈರೇಗೌಡ ಮತ್ತು ರಾಮ್ ರೆಡ್ಡಿ ಕೂಡಿ ಬರೆದರು, ಈರೇಗೌಡರ ಊರಾದ ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿಯೇ ಚಿತ್ರೀಕರಣ ನಡೆಯಿತು. 2015ರ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿಗಳೂ, ಆ ಸಾಲಿನ ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಬಂದವು. ಕರ್ನಾಟಕದ ಚಿತ್ರಮಂದಿರಗಳಿಗೆ ಅದು ಬಂದದ್ದು 2016ರ ಮೇ ತಿಂಗಳಲ್ಲಿ. ದಾರಿಹೋಕರನ್ನು ಬೈಯುತ್ತ ಕುಳಿತಿದ್ದ 101 ವರ್ಷದ ಸೆಂಚುರಿ ಗೌಡ ಆರಂಭದಲ್ಲಿಯೇ ಸತ್ತುಬೀಳುತ್ತಾನೆ. ಹನ್ನೊಂದನೆಯ ದಿನದ ತಿಥಿಗೆ ಊರಿಗೆಲ್ಲ ಬಾಡೂಟ ಹಾಕಬೇಕು. ಮಗ ಗಡ್ಡಪ್ಪನಿಗೆ ಇದಾವುದೂ ಬೇಕಿಲ್ಲ. ಬೀಡಿ, ಬ್ರಾಂದಿ, ಆಡುಹುಲಿಯ ಆಟ ಮತ್ತು ನಡಿಗೆ, ಇಷ್ಟೇ ಅವನ ಲೋಕ. ಮೊಮ್ಮಗ ತಮ್ಮಣ್ಣನಿಗೆ ತಾತನ ಐದು ಎಕರೆ ಜಮೀನನ್ನು ಮಾರುವ ಆತುರ. ಅದಕ್ಕಾಗಿ ಬದುಕಿರುವ ಅಪ್ಪನನ್ನೇ ಸತ್ತವನೆಂದು ಕಾಗದದಲ್ಲಿ ತೋರಿಸಿ, ಅವನ ಕೈಗೆ ಹಣ ಕೊಟ್ಟು ಊರು ಬಿಡಿಸಲು ನೋಡುತ್ತಾನೆ. ಮರಿಮಗ ಅಭಿಗೆ ಕುರಿಗಾಹಿಗಳ ಹುಡುಗಿ ಕಾವೇರಿಯ ಮೇಲೆ ಕಣ್ಣು. ತಿಥಿಗೆ ಬೇಕಾದ ಕುರಿಯ ಹಣ ಜೂಜಿನಲ್ಲಿ ಕರಗಿದಾಗ ಅವನು ಗೆಳೆಯರೊಡನೆ ಇರುಳಿನಲ್ಲಿ ಆ ಕುರಿಗಾಹಿಗಳ ಹಿಂಡಿಗೇ ಕೈಹಾಕುತ್ತಾನೆ.

ಈ ಕಳವಿನ ಅನಂತರವೇ ಊಟ ಬರುತ್ತದೆ ಎಂಬುದನ್ನು ಗಮನಿಸಬೇಕು. ಚಿತ್ರ ಊಟವನ್ನು ಸಿಂಗರಿಸುವುದಿಲ್ಲ. ಆಹಾರವನ್ನು ಮುದ್ದಿಸುವ ಹತ್ತಿರದ ನೋಟಗಳಿಲ್ಲ, ನಿಧಾನಗತಿಯ ತುಪ್ಪದ ಧಾರೆಯಿಲ್ಲ. ದೊಡ್ಡ ಪಾತ್ರೆಗಳು, ಹೊಗೆ, ಗದ್ದಲ, ಸಾಲಾಗಿ ಕುಳಿತ ಜನ. ನಮ್ಮ ಯಾವ ಹಳ್ಳಿಯಲ್ಲಿ ಬೇಕಾದರೂ ಕಾಣಬಹುದಾದದ್ದು. ಆ ಸೀಮೆಯಲ್ಲಿ ಬೆಳೆದವನಿಗೆ ಅಷ್ಟೇ ಸಾಕು. ಅವನ ನೆನಪು ಉಳಿದದ್ದನ್ನು ತಾನೇ ಬಡಿಸಿಕೊಳ್ಳುತ್ತದೆ, ಬಾಯಲ್ಲಿ ನೀರೂರುತ್ತದೆ. ಆದರೆ ಪಾತ್ರೆಯಲ್ಲಿ ಬೇಯುತ್ತಿರುವುದು ಯಾರ ಕುರಿ ಎಂಬುದು ತೆರೆಯ ಮೇಲಿನ ಊರಿಗೆ ತಿಳಿಯದಿದ್ದರೂ ನೋಡುಗನಿಗೆ ತಿಳಿದಿದೆ. ತಿಳಿದೂ ಅವನಿಗೆ ಹಸಿವಾಗುತ್ತದೆ. ಅವನ ನಾಲಿಗೆ ಕಳವಿನ ಪಾಲುದಾರಿಕೆಗೆ ಆಗಲೇ ಸಹಿ ಹಾಕಿರುತ್ತದೆ.

ಸಮುವೇಲನ ಎರಡನೆಯ ಗ್ರಂಥದ 12ನೆಯ ಅಧ್ಯಾಯವನ್ನು ನೆನೆಯದೆ ಈ ದೃಶ್ಯವನ್ನು ನೋಡಲು ನಮಗೆ ಸಾಧ್ಯವಾಗಿಲ್ಲ. ಪ್ರವಾದಿ ನಾಥಾನನು ದಾವೀದನಿಗೆ ಹೇಳಿದ ಸಾಮತಿಯಲ್ಲಿಯೂ ಒಂದು ಕುರಿಮರಿ ಇದೆ. ಬಡವನ ತಟ್ಟೆಯಲ್ಲಿಯೇ ತಿಂದು, ಅವನ ಬಟ್ಟಲಿನಲ್ಲಿಯೇ ಕುಡಿದು ಮಗಳಂತೆ ಬೆಳೆದ ಮರಿ. ಶ್ರೀಮಂತನು ತನ್ನ ಹಿಂಡನ್ನು ಮುಟ್ಟದೆ ಆ ಮರಿಯನ್ನೇ ಕಸಿದು ಮನೆಗೆ ಬಂದ ಪ್ರಯಾಣಿಕನಿಗೆ ಅಡಿಗೆ ಮಾಡಿಸುತ್ತಾನೆ. ಕೇಳಿದ ದಾವೀದ ಕಿಡಿಕಿಡಿಯಾಗುತ್ತಾನೆ, ಆ ಮನುಷ್ಯ ತಾನೇ ಎಂದು ಪ್ರವಾದಿ ಹೇಳುವವರೆಗೆ. ಅರಸನ ಕಾಮವನ್ನೂ ಕೊಲೆಯನ್ನೂ ಖಂಡಿಸಲು ಪ್ರವಾದಿ ಒಂದು ಊಟದ ಕಥೆಯನ್ನು ಆರಿಸಿಕೊಂಡನೆಂಬುದೇ ಚಿಂತನಾರ್ಹ. ವ್ಯಾಖ್ಯಾನಕಾರರು ಶ್ರೀಮಂತನನ್ನೂ ಬಡವನನ್ನೂ ಬೇಕಾದಷ್ಟು ವಿಶ್ಲೇಷಿಸಿದ್ದಾರೆ. ನಮ್ಮನ್ನು ಕಾಡುವವನು ಮೂರನೆಯವನಾದ ಪ್ರಯಾಣಿಕ. ಅವನಿಗಾಗಿಯೇ ಮರಿ ಸತ್ತಿತು. ಅವನು ಉಂಡನು ಎಂದುಕೊಳ್ಳಬೇಕು. ಆಮೇಲೆ ಕಥೆ ಅವನನ್ನು ಮರೆತುಬಿಡುತ್ತದೆ. ಅವನಿಗೆ ಊಟ ರುಚಿಸಿತೆ? ಮರಿ ಯಾರದೆಂದು ಅವನು ವಿಚಾರಿಸಿದನೆ? ಗ್ರಂಥ ಮೌನ. ‘ತಿಥಿ’ ಪ್ರೇಕ್ಷಕನನ್ನು ಕೂರಿಸುವುದು ಈ ಪ್ರಯಾಣಿಕನ ಎಲೆಯ ಮುಂದೆ. ಶ್ರೀಮಂತನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಸುಲಭ. ಅಭಿಯ ಮೇಲೆ, ತಮ್ಮಣ್ಣನ ಮೇಲೆ ನಕ್ಕು ಕೈತೊಳೆದುಕೊಳ್ಳುವುದು ಇನ್ನೂ ಸುಲಭ. ಅತಿಥಿಯಾಗಿ ಉಂಡವನು ಏನು ಮಾಡಬೇಕು?

ಗಡ್ಡಪ್ಪನ ಬಗ್ಗೆ ಒಂದು ಮಾತು. ಅವನನ್ನು ಅಸ್ಸಿಸಿಯ ಸಂತ ಫ್ರಾನ್ಸಿಸ್‌ರಿಗೆ ಹೋಲಿಸುವ ಪ್ರಲೋಭನೆ ನಮ್ಮ ಬೋಧಕರಿಗೆ ಬಂದೀತು, ಬಾರದಿದ್ದರೆ ಒಳ್ಳೆಯದು. ಆಸ್ತಿ ಬೇಡವೆಂದವನು ನಿಜ. ಕುರಿಗಾಹಿಗಳ ನಡುವೆ ಹಂಗಿಲ್ಲದೆ ಕೂರಬಲ್ಲ ಒಬ್ಬನೇ ಒಬ್ಬ ಊರಿನವನೂ ಅವನೇ. ಆದರೆ ತಂದೆಯಿಂದಲೂ ಹೆಂಡತಿಯಿಂದಲೂ ತನಗಾದ ಗಾಯವನ್ನು ಅವನು ಆ ಬೆಂಕಿಯ ಬಳಿ ಬಿಚ್ಚಿಟ್ಟಾಗ, ಅವನ ನಿರ್ಲಿಪ್ತತೆ ಸುಟ್ಟ ಗಾಯದ ಮೇಲಿನ ಗಟ್ಟಿ ಚರ್ಮವೆಂಬುದು ಗೊತ್ತಾಗುತ್ತದೆ. ಸಂತನ ಬಿಡುಗಡೆಗೂ ಅದಕ್ಕೂ ಅಂತರವಿದೆ. ಚಿತ್ರದ ದೋಷವನ್ನೂ ಹೇಳಬೇಕು. ಕಾವೇರಿಯನ್ನು ಅದು ಅಭಿಯ ಕಣ್ಣಿನಿಂದಲೇ ಹೆಚ್ಚಾಗಿ ನೋಡುತ್ತದೆ. ಕುರಿ ಕಳೆದುಕೊಂಡ ಮನೆಯವಳು ಅವಳು. ಒಂದು ಕುರಿ ಹೋದರೆ ಅಲೆಮಾರಿ ಕುಟುಂಬವೊಂದರ ವರ್ಷದ ಲೆಕ್ಕ ಹೇಗೆ ತಪ್ಪುತ್ತದೆಂಬುದನ್ನು ತೋರಿಸಲು ಚಿತ್ರಕ್ಕೆ ಬಿಡುವಿಲ್ಲ. ನಾಥಾನನು ಬಡವನ ಮರಿಗೆ ನಾಲ್ಕು ಮಾತುಗಳನ್ನಾದರೂ ಮೀಸಲಿಟ್ಟಿದ್ದ.

ಸಾವಿಗೂ ಊಟಕ್ಕೂ ಇರುವ ನಂಟು ಕನ್ನಡ ಚಿತ್ರರಂಗಕ್ಕೆ ಹೊಸದಲ್ಲ. ಯು. ಆರ್. ಅನಂತಮೂರ್ತಿಯವರ ಕಾದಂಬರಿಯನ್ನಾಧರಿಸಿ ಪಟ್ಟಾಭಿರಾಮ ರೆಡ್ಡಿ ನಿರ್ದೇಶಿಸಿದ ‘ಸಂಸ್ಕಾರ’ (1970) ಇದರ ಮತ್ತೊಂದು ತುದಿ. ನಾರಣಪ್ಪನ ಹೆಣ ಸಂಸ್ಕಾರವಿಲ್ಲದೆ ಬಿದ್ದಿರುವವರೆಗೆ ಅಗ್ರಹಾರ ಊಟ ಮಾಡುವಂತಿಲ್ಲ. ಶಾಸ್ತ್ರದ ಪ್ರಶ್ನೆ ದಿನ ಕಳೆದಂತೆ ಹೊಟ್ಟೆಯ ಪ್ರಶ್ನೆಯಾಗುತ್ತದೆ. ಅಲ್ಲಿ ಸಾವು ಊಟವನ್ನು ತಡೆಯುತ್ತದೆ, ‘ತಿಥಿ’ಯಲ್ಲಿ ಸಾವು ಊಟವನ್ನು ಕಡ್ಡಾಯ ಮಾಡುತ್ತದೆ. ಎರಡೂ ಕಡೆ ಸತ್ತವನ ನೆವದಲ್ಲಿ ಬದುಕಿರುವವರ ಹಸಿವು ಬಯಲಾಗುತ್ತದೆ.

ಧರ್ಮಸಭೆಗೆ ಈ ಇಕ್ಕಟ್ಟು ಪುರಾತನವಾದದ್ದು. ಸಂತ ಅಗಸ್ಟೀನರು ‘ಅರಿಕೆಗಳು’ ಗ್ರಂಥದ ಆರನೆಯ ಭಾಗದಲ್ಲಿ ತಮ್ಮ ತಾಯಿ ಮೋನಿಕಾಳ ಪ್ರಸಂಗವೊಂದನ್ನು ಬರೆದಿದ್ದಾರೆ. ಆಫ್ರಿಕದ ರೂಢಿಯಂತೆ ಆಕೆ ಗಂಜಿ, ರೊಟ್ಟಿ, ದ್ರಾಕ್ಷಾರಸಗಳನ್ನು ಹೊತ್ತು ಮಿಲಾನಿನಲ್ಲಿಯೂ ರಕ್ತಸಾಕ್ಷಿಗಳ ಸಮಾಧಿಗೆ ಹೋದಾಗ ದ್ವಾರಪಾಲಕ ತಡೆದನು. ಧರ್ಮಾಧ್ಯಕ್ಷ ಅಂಬ್ರೋಸರು ಅದನ್ನು ನಿಷೇಧಿಸಿದ್ದರು. ಕುಡಿತಕ್ಕೆ ಅವಕಾಶವಾಗಬಾರದು, ಪಿತೃಗಳ ಹಬ್ಬವನ್ನು ಹೋಲುವ ಆಚರಣೆ ಬೇಡ ಎಂಬುವು ಕಾರಣಗಳು. ಮೋನಿಕಾ ವಾದಿಸಲಿಲ್ಲ. ಬುಟ್ಟಿಯ ಬದಲು ಪ್ರಾರ್ಥನೆಯನ್ನು ಕೊಂಡೊಯ್ದಳು, ತನ್ನ ಕೈಲಾದುದನ್ನು ಬಡವರಿಗೆ ಕೊಟ್ಟಳು. ನಮ್ಮ ಗುರುಮಠಗಳಲ್ಲಿ ಈ ಪ್ರಸಂಗವನ್ನು ವಿಧೇಯತೆಯ ಪಾಠವಾಗಿ ಓದಿಸುವುದುಂಟು. ಸಮಾಧಿಯ ಊಟ ಎಲ್ಲಿಗೆ ಹೋಯಿತು ಎಂಬ ಪ್ರಶ್ನೆಯಿಂದ ಓದಿದರೆ ಬೇರೆಯೇ ಅರ್ಥ ಹೊರಡುತ್ತದೆ: ಅದು ರದ್ದಾಗಲಿಲ್ಲ, ಪಂಕ್ತಿ ಬದಲಾಯಿತು.

ನಮ್ಮ ಗ್ರಾಮೀಣ ಧರ್ಮಕೇಂದ್ರಗಳಲ್ಲಿ ಸತ್ತವರಿಗಾಗಿ ಏಳನೆಯ ಅಥವಾ ಮೂವತ್ತನೆಯ ದಿನದ ಬಲಿಪೂಜೆಯ ಜೊತೆಗೆ, ನೆರೆಹೊರೆಯವರ ರೂಢಿಯಂತೆ ಹನ್ನೊಂದನೆಯ ದಿನದ ಊಟವೂ ನಡೆಯುವುದುಂಟು. ಆ ಊಟವನ್ನು ಮೂಢನಂಬಿಕೆಯೆಂದು ತಳ್ಳಿಹಾಕುವ ಯಾಜಕರಿದ್ದಾರೆ, ಸಂಸ್ಕೃತೀಕರಣವೆಂದು ಹರಸುವವರೂ ಇದ್ದಾರೆ. ಇಬ್ಬರೂ ಕೇಳಲು ಮರೆಯುವ ಪ್ರಶ್ನೆಯನ್ನು ‘ತಿಥಿ’ ಕೇಳುತ್ತದೆ: ಹಣ ಎಲ್ಲಿಂದ ಬಂತು? ತಮ್ಮಣ್ಣ ಸಾಲ ಮಾಡುತ್ತಾನೆ, ಜಮೀನಿನ ಮೇಲೆ ಕಣ್ಣಿಡುತ್ತಾನೆ. ಆದರೂ ಊರಿಗೆ ಕಡಿಮೆ ಬಡಿಸುವ ಧೈರ್ಯ ಅವನಿಗಿಲ್ಲ. ಸಾವಿನ ಮನೆಯ ಮರ್ಯಾದೆ ಎಲೆಯ ಮೇಲಿನ ತುಂಡುಗಳ ಲೆಕ್ಕದಲ್ಲಿ ತೂಗಲ್ಪಡುತ್ತದೆ. ಆಸ್ಪತ್ರೆಯ ಖರ್ಚಿನಿಂದ ಈಗಾಗಲೇ ಸೋತಿರುವ ಕುಟುಂಬವೊಂದು ಅನಂತರ ಊಟದ ಸಾಲಕ್ಕೂ ತಲೆಕೊಡುವುದನ್ನು ಹಳ್ಳಿಯಲ್ಲಿ ಸೇವೆ ಮಾಡಿದ ಯಾವ ಯಾಜಕನೂ ಬಲ್ಲ. ಮತ್ತು ಇಂಥ ಊಟದಲ್ಲಿ ಮೊದಲ ಎಲೆ ಹಾಕುವುದು ಸ್ವಾಮಿಗಳಿಗೆ. ನಮ್ಮ ಎಲೆಯ ಮೇಲೆ ಬೀಳುವುದು ಅತ್ಯುತ್ತಮವಾದ ತುಂಡು.

ಹಾಗಾದರೆ ಊಟ ನಿಲ್ಲಿಸಿ ಎಂದು ಬೋಧಿಸಬೇಕೆ? ಬೇಡವೆಂದೇ ನಮ್ಮ ಅಭಿಪ್ರಾಯ. ಊರೂಟದಲ್ಲಿ ಬೇರೆಲ್ಲಿಯೂ ಸಿಗದ ಒಂದು ಸಮಾನತೆಯ ಸಾಧ್ಯತೆ ಇದೆ. ಸಾಧ್ಯತೆ ಮಾತ್ರ, ಏಕೆಂದರೆ ಯಾರು ಯಾವ ಪಂಕ್ತಿಯಲ್ಲಿ, ಎಷ್ಟನೆಯ ಸರದಿಯಲ್ಲಿ ಕೂರುತ್ತಾರೆಂಬುದು ನಮ್ಮ ಹಳ್ಳಿಗಳಲ್ಲಿ ಇನ್ನೂ ಜಾತಿ ನಿರ್ಧರಿಸುವ ಸಂಗತಿ. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ ನಡೆದ 87ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದಲ್ಲಿ ಬಾಡೂಟವೂ ಇರಬೇಕೆಂಬ ಒತ್ತಾಯ ಎದ್ದಾಗ ಕೆಲವರು ಅದನ್ನು ನಾಲಿಗೆಯ ಚಪಲವೆಂದು ಹಗುರ ಮಾಡಿದರು. ಯಾರ ಊಟ ಸಾರ್ವಜನಿಕ ಊಟವೆನಿಸಿಕೊಳ್ಳಲು ಯೋಗ್ಯ ಎಂಬುದು ಅಲ್ಲಿದ್ದ ಪ್ರಶ್ನೆ. ಸಂತ ಪೌಲರು ಕೊರಿಂಥದವರಿಗೆ ಬರೆಯುವಾಗ ಸಿಟ್ಟಾದದ್ದೂ ಇಂಥದೇ ವಿಷಯಕ್ಕೆ. ಒಬ್ಬನು ಹಸಿದಿರಲು ಇನ್ನೊಬ್ಬನು ಕುಡಿದು ಮತ್ತನಾಗಿದ್ದರೆ ಅದು ಪ್ರಭುವಿನ ಭೋಜನವೇ ಅಲ್ಲವೆಂದು ಅವರು ಹೇಳಿದರು. ಭೋಜನ ಬಿಡಿ ಎನ್ನಲಿಲ್ಲ, ಒಬ್ಬರಿಗಾಗಿ ಒಬ್ಬರು ಕಾಯಿರಿ ಎಂದರು. ಯೆಶಾಯನ ಪ್ರವಾದನೆಯ 25ನೆಯ ಅಧ್ಯಾಯದಲ್ಲಿ ದೇವರು ಸಕಲ ಜನಾಂಗಗಳಿಗೆ ಕೊಬ್ಬಿದ ಮಾಂಸದ ಔತಣ ಮಾಡಿಸುವ ಬೆಟ್ಟದ ಮೇಲೆಯೇ ಸಾವು ನುಂಗಲ್ಪಡುತ್ತದೆ. ಅಡಿಗೆಯವನೂ ಯಜಮಾನನೂ ಅಲ್ಲಿ ದೇವರೇ. ಖರ್ಚಿಗೆ ಯಾರ ಹಿಂಡಿನಿಂದಲೂ ಕುರಿ ಕಾಣೆಯಾಗುವುದಿಲ್ಲ. ಬಾಬೆಟ್‌ಳ ಮೇಜು ಆ ಬೆಟ್ಟದ ಒಂದು ನೋಟವನ್ನು ತೋರಿಸುತ್ತದೆಂದು ಒಪ್ಪೋಣ. ತಮ್ಮಣ್ಣನ ಚಪ್ಪರದ ಕೆಳಗೆ ಕುಳಿತವರಿಗೆ ಆ ಬೆಟ್ಟ ಎಷ್ಟು ದೂರ ಎಂಬುದನ್ನು ‘ತಿಥಿ’ ತೋರಿಸುತ್ತದೆ.

ಇಂಥ ಚಿತ್ರಗಳನ್ನು ಗುರುಮಠದ ವಿದ್ಯಾರ್ಥಿಗಳಿಗೆ, ಅದೂ ಉಪವಾಸದ ದಿನಗಳಲ್ಲಿ, ತೋರಿಸುವುದು ಸರಿಯೇ ಎಂಬ ಆಕ್ಷೇಪಣೆಗೆ ಉತ್ತರ ಕೊಡಬೇಕು. ಮಹಾ ಗ್ರೆಗೊರಿಯವರನ್ನು ಅನುಸರಿಸಿ ಸಂತ ಥಾಮಸ್ ಅಕ್ವಿನಾಸರು ಹೊಟ್ಟೆಬಾಕತನದ ಐದು ಬಗೆಗಳನ್ನು ಹೇಳುತ್ತಾರೆ: ಹೊತ್ತಿಗೆ ಮುಂಚೆ, ದುಬಾರಿಯಾಗಿ, ಅತಿಯಾಗಿ, ಆತುರವಾಗಿ, ಅತಿ ನಾಜೂಕಾಗಿ ಉಣ್ಣುವುದು. ಕಣ್ಣಿನಿಂದ ಉಣ್ಣುವುದು ಈ ಪಟ್ಟಿಯಲ್ಲಿಲ್ಲ. ಕೈಯಲ್ಲಿ ಹಿಡಿದ ದೂರವಾಣಿಯಲ್ಲಿ ಅಪರಾತ್ರಿಯವರೆಗೆ ಅಡಿಗೆಯ ದೃಶ್ಯಗಳನ್ನು ನೋಡುವ ಕಾಲ ಅವರಿಗೆ ಬಂದಿರಲಿಲ್ಲ. ಹೆಚ್ಚು ಹರಿತವಾದ ಎಚ್ಚರಿಕೆ ಅಗಸ್ಟೀನರದು. ರಂಗದ ಮೇಲಿನ ದುಃಖವನ್ನು ಕಂಡು ಅಳುವ ಪ್ರೇಕ್ಷಕನನ್ನು ಯಾರೂ ನೆರವಿಗೆ ಕರೆಯುವುದಿಲ್ಲ, ಸುಮ್ಮನೆ ಮರುಗಲು ಕರೆಯುತ್ತಾರೆಂದು ಅವರು ತಮ್ಮ ಯೌವನದ ನಾಟಕಪ್ರೀತಿಯನ್ನು ಪರೀಕ್ಷಿಸಿದರು. ತೆರೆಯ ಮೇಲಿನ ಊಟಕ್ಕೂ ಈ ಮಾತು ಸಲ್ಲುತ್ತದೆ. ಹಸಿವನ್ನು ಎಬ್ಬಿಸಿ, ಯಾರನ್ನೂ ಉಣಿಸದೆ, ಯಾರ ಜೊತೆಗೂ ಕೂರಿಸದೆ ಮನೆಗೆ ಕಳುಹಿಸುವ ಚಿತ್ರ ನೋಡುಗನನ್ನು ಇನ್ನಷ್ಟು ಒಂಟಿಯಾಗಿಸುತ್ತದೆ.

ಆದರೆ ಹಸಿದವನಿಗೆ ತೆರೆಯೊಂದು ಕಂಡ ಪ್ರಸಂಗ ಶ್ರೀಗ್ರಂಥದಲ್ಲಿಯೇ ಇದೆ. ಪ್ರೇಷಿತರ ಕಾರ್ಯಕಲಾಪಗಳ 10ನೆಯ ಅಧ್ಯಾಯದಲ್ಲಿ ಪೇತ್ರನು ಯೊಪ್ಪದ ಮಾಳಿಗೆಯ ಮೇಲೆ ನಡುಹಗಲಿನಲ್ಲಿ ಪ್ರಾರ್ಥಿಸುತ್ತಿದ್ದಾನೆ. ಅವನಿಗೆ ಹಸಿವಾಗಿದೆ, ಕೆಳಗೆ ಅಡಿಗೆ ನಡೆದಿದೆ. ಆಗ ನಾಲ್ಕು ಮೂಲೆಗಳಿಂದ ಇಳಿಬಿಟ್ಟ ದೊಡ್ಡ ಬಟ್ಟೆಯೊಂದು, ಅದರ ತುಂಬ ಬಗೆಬಗೆಯ ಪ್ರಾಣಿಗಳು. ಮೂರು ಸಲ ಕಂಡು ಅದು ಮೇಲೆ ಹೋಗುತ್ತದೆ. ಪೇತ್ರನು ಅದರಿಂದ ಏನನ್ನಾದರೂ ತಿಂದನೆಂದು ಗ್ರಂಥ ಹೇಳುವುದಿಲ್ಲ. ಬಾಗಿಲಲ್ಲಿ ಅಪರಿಚಿತರು ಬಂದು ನಿಂತಿದ್ದರೆಂದೂ, ಅವನು ಅವರನ್ನು ಒಳಕ್ಕೆ ಕರೆದು ಉಪಚರಿಸಿದನೆಂದೂ, ಮರುದಿನ ಅವರೊಡನೆ ಕೊರ್ನೇಲಿಯ ಮನೆಗೆ ಹೊರಟನೆಂದೂ ಹೇಳುತ್ತದೆ. ಅವನು ಯೆರೂಸಲೇಮಿಗೆ ಬಂದಾಗ ಸೋದರರು ಎತ್ತಿದ ಆಕ್ಷೇಪಣೆ, ಸುನ್ನತಿಯಿಲ್ಲದವರೊಡನೆ ಕುಳಿತು ಉಂಡನೆಂಬುದು.

ಗುರುದೀಕ್ಷೆಯ ಹೊಸ್ತಿಲಲ್ಲಿ ನಿಂತು ಹಳ್ಳಿಯ ಧರ್ಮಕೇಂದ್ರಗಳಿಗೆ ಹೊರಡಲಿರುವ ಉಪಯಾಜಕರಿಗೆ ‘ತಿಥಿ’ಯನ್ನು ತೋರಿಸಬೇಕೆಂದು ನಾವು ಸೂಚಿಸುತ್ತೇವೆ. ತಪಸ್ಸುಕಾಲದಲ್ಲಿಯೇ ಆಗಲಿ, ರಾತ್ರಿಯ ಊಟವಾದ ಮೇಲೆ ಬೇಡ, ಊಟದ ಗಂಟೆಗೆ ಮುನ್ನ. ಚಿತ್ರ ಮುಗಿದು ಭೋಜನಶಾಲೆಗೆ ನಡೆಯುವಾಗ ಅವರಿಗೆ ಚೆನ್ನಾಗಿ ಹಸಿದಿರುತ್ತದೆ. ಅಂದಿನ ಸಾರಿನ ಪಾತ್ರೆಯ ಮುಂದೆ ನಿಂತು, ಇದು ಯಾರ ಹೊಲದ್ದು, ಯಾರ ಹಿಂಡಿನದು, ಬೇಯಿಸಿದವರು ಉಂಡರೆ ಎಂದು ಅಡಿಗೆಯವರನ್ನು ವಿಚಾರಿಸಲು ಅವರಿಗೆ ಆಗ ಹೇಳಿಕೊಡಬಹುದು.